ಒಂದು ಡಿಸ್ಕ್, ನಾಲ್ಕು ಸಿನಿಮಾ: ಪಟ್ಟಿಯಲ್ಲಿ ಎಲ್ಲಿ ಬರೆಯಲಿ?

ನಮಸ್ಕಾರ. ನನ್ನ ಕೈಯಲ್ಲಿರುವ ಈ ಎರಡು ಡಿಸ್ಕ್ ನೋಡಿ. ಎರಡರಲ್ಲೂ ಒಂದೇ ಸಿನಿಮಾ ಇದೆ. ಒಂದು ಹಳೆಯದು, ನಾಲ್ಕು ಸಿನಿಮಾ ಸೇರಿಸಿ ಕೊಟ್ಟ ಡಿಸ್ಕ್. ನನಗೆ ಬೇಕಾದದ್ದು ಅದರಲ್ಲಿ ಮೂರನೆಯದಾಗಿ ಕೂತಿತ್ತು. ನನ್ನ ಡಿಸ್ಕ್‌ಗಳನ್ನೆಲ್ಲ ಬರೆದಿಟ್ಟ ಪಟ್ಟಿಯಲ್ಲಿ ಹುಡುಕಿದೆ, ಸಿಗಲಿಲ್ಲ. ನನ್ನ ಹತ್ತಿರ ಇಲ್ಲ ಅಂದುಕೊಂಡು ಮತ್ತೊಂದು ತಂದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಪಟ್ಟಿ ಇರಲಿಲ್ಲ ಅಂತಲ್ಲ. ಇತ್ತು, ಚೆನ್ನಾಗಿಯೇ ಇತ್ತು. ಆದರೆ ಒಂದು ಡಿಸ್ಕ್‌ಗೆ ಒಂದು ಸಾಲು ಅಂತ ಬರೆದಿದ್ದೆ. ಕವರ್ ಮೇಲೆ ದೊಡ್ಡದಾಗಿ ಏನಿದೆಯೋ ಅದೇ ಹೆಸರು. ಉಳಿದ ಮೂರು ಸಿನಿಮಾ ಪಟ್ಟಿಯ ಪಾಲಿಗೆ ಇಲ್ಲವೇ ಇಲ್ಲ.

ಸರಿ, ರಿಪೇರಿ ಮಾಡೋಣ ಅಂತ ಕೂತೆ. ಮೊದಲು ಹೊಳೆದದ್ದು ಕಾಲಂ ಜಾಸ್ತಿ ಮಾಡುವುದು. ಸಿನಿಮಾ ಒಂದು, ಸಿನಿಮಾ ಎರಡು, ಮೂರು, ನಾಲ್ಕು. ಸ್ಕ್ರೀನ್ ಮೇಲೆ ಕಾಣುತ್ತಿರುವುದು ಅದೇ. ನೋಡಲು ಚೆಂದ, ಅಲ್ವಾ? ಒಂದು ಹೆಸರು ಹುಡುಕಬೇಕಾದರೆ ನಾಲ್ಕು ಕಾಲಂ ತಡಕಬೇಕು. ಬಿಡುಗಡೆಯಾದ ವರ್ಷದ ಪ್ರಕಾರ ಜೋಡಿಸೋಣ ಅಂದರೆ, ನಾಲ್ಕರಲ್ಲಿ ಯಾವುದರ ವರ್ಷ? ಆಮೇಲೆ ಆರು ಸಿನಿಮಾದ ಸೆಟ್ ಒಂದು ಎದುರಾಯಿತು. ಅಲ್ಲಿಗೆ ಮುಗಿಯಿತು ಆ ಕಥೆ.

ಎರಡನೆಯ ಪ್ರಯತ್ನ ಇನ್ನೂ ಸೋಮಾರಿತನದ್ದು. ಪಟ್ಟಿಯ ಒಂದೇ ಮನೆಯಲ್ಲಿ, ಅಂದರೆ ಒಂದೇ ಸೆಲ್‌ನಲ್ಲಿ, ಅಲ್ಪವಿರಾಮ ಹಾಕಿ ನಾಲ್ಕೂ ಹೆಸರು ತುರುಕಿದೆ. ಕೆಲವು ಸಿನಿಮಾಗಳ ಹೆಸರಿನಲ್ಲೇ ಅಲ್ಪವಿರಾಮ ಇರುತ್ತದೆ ಅನ್ನುವುದು ಆಗ ನೆನಪಾಗಲಿಲ್ಲ. ಇದು ಹೊಸ ತಲೆನೋವೇನೂ ಅಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಬರೆದ ಪ್ರಬಂಧದಿಂದಲೇ ಇವತ್ತಿನ ರಿಲೇಷನಲ್ ಡೇಟಾಬೇಸ್, ಅಂದರೆ ಮಾಹಿತಿಯನ್ನು ಒಂದಕ್ಕೊಂದು ಜೋಡಿಸಿದ ಟೇಬಲ್‌ಗಳಲ್ಲಿ ಇಡುವ ಪದ್ಧತಿ, ಹುಟ್ಟಿದ್ದು. ಒಂದು ಮನೆಯಲ್ಲಿ ಒಂದೇ ಸಂಗತಿ ಇರಲಿ ಅನ್ನುವ ನಿಯಮದ ಬೇರು ಅಲ್ಲೇ ಇದೆ. ನಾನು ಐವತ್ತು ವರ್ಷ ತಡವಾಗಿ, ಕಪಾಟಿನ ಮುಂದೆ ನೆಲದ ಮೇಲೆ ಕೂತು ಕಲಿತೆ.

ಮೂರನೆಯ ಸಲ ಒಂದು ಸಿನಿಮಾಗೆ ಒಂದು ಸಾಲು ಮಾಡಿದೆ. ಹುಡುಕಾಟ ಸರಿಹೋಯಿತು, ಎಣಿಕೆ ಕೆಟ್ಟಿತು. ಒಂದು ಡಿಸ್ಕ್ ಈಗ ನಾಲ್ಕು ಸಾಲಿನಲ್ಲಿ ಇದೆ, ಪಟ್ಟಿ ಅದನ್ನು ನಾಲ್ಕು ಡಿಸ್ಕ್ ಅನ್ನುತ್ತದೆ. ಅದನ್ನು ಕಪಾಟಿನ ಕೆಳಗಿನ ಅರೆಗೆ ಇಟ್ಟಾಗ ನಾಲ್ಕೂ ಸಾಲು ತಿದ್ದಬೇಕು. ನಾನು ಮೂರು ತಿದ್ದಿದೆ.

ಆಗ ಗೊತ್ತಾಯಿತು, ನಾನು ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಅಂದುಕೊಂಡಿದ್ದೆ. ಬಾಕ್ಸ್ ಬೇರೆ. ಅದರೊಳಗಿನ ಡಿಸ್ಕ್ ಬೇರೆ. ಡಿಸ್ಕ್‌ನೊಳಗಿನ ಸಿನಿಮಾ ಬೇರೆ. ಮೂರಕ್ಕೂ ಒಂದೊಂದು ಟೇಬಲ್ ಮಾಡಿದೆ. ಪ್ರತಿ ಡಿಸ್ಕ್‌ನ ಸಾಲಿನಲ್ಲಿ ಅದರ ಬಾಕ್ಸ್ ಯಾವುದು ಅಂತ ಬರೆದೆ. ಇನ್ನು ಸಿನಿಮಾ. ಒಂದು ಡಿಸ್ಕ್‌ನಲ್ಲಿ ಹಲವು ಸಿನಿಮಾ ಇರಬಹುದು, ಒಂದೇ ಸಿನಿಮಾ ಹಲವು ಡಿಸ್ಕ್‌ನಲ್ಲೂ ಇರಬಹುದು. ಇವೆರಡನ್ನು ಜೋಡಿಸಲು ನಾಲ್ಕನೆಯ ಟೇಬಲ್ ಬೇಕಾಯಿತು. ಅದರಲ್ಲಿ ಮುಖ್ಯವಾಗಿ ಎರಡು ಕಾಲಂ: ಡಿಸ್ಕ್‌ನ ನಂಬರ್, ಸಿನಿಮಾದ ನಂಬರ್. ಈ ಡಿಸ್ಕ್‌ನಲ್ಲಿ ಈ ಸಿನಿಮಾ ಇದೆ, ಅಷ್ಟೇ. ನಾಲ್ಕು ಸಿನಿಮಾ ಇದ್ದರೆ ನಾಲ್ಕು ಸಾಲು, ನಲವತ್ತು ಇದ್ದರೆ ನಲವತ್ತು. ನಾನು ಎಸ್‌ಕ್ಯೂಲೈಟ್ ಅನ್ನುವ ಉಚಿತ ಡೇಟಾಬೇಸ್ ತಂತ್ರಾಂಶದಲ್ಲಿ ಮಾಡಿದೆ. ಸ್ಪ್ರೆಡ್‌ಶೀಟ್‌ನಲ್ಲೇ ನಾಲ್ಕು ಹಾಳೆ ಇಟ್ಟುಕೊಂಡರೂ ನಡೆಯುತ್ತದೆ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಮುಂದಿನ ಕೆಲಸ. ಯಾವ ಮಾಹಿತಿ ಯಾವ ಟೇಬಲ್‌ಗೆ ಸೇರಬೇಕು? ಕೊಟ್ಟ ದುಡ್ಡು, ಬಾರ್‌ಕೋಡ್, ಯಾವ ಅರೆಯಲ್ಲಿದೆ ಅನ್ನುವುದು ಬಾಕ್ಸ್‌ಗೆ. ಗೀರು ಬಿದ್ದಿದೆಯಾ, ಡಿವಿಡಿಯೋ ಬ್ಲೂ-ರೇಯೋ ಅನ್ನುವುದು ಡಿಸ್ಕ್‌ಗೆ. ನಿರ್ದೇಶಕರು, ವರ್ಷ, ನಾನು ನೋಡಿದ್ದೇನಾ ಇಲ್ವಾ, ಇವು ಸಿನಿಮಾಗೆ. ಮೊದಲು ‘ನೋಡಿದೆ’ ಅನ್ನುವುದನ್ನು ಡಿಸ್ಕ್‌ಗೆ ಹಾಕಿದ್ದೆ. ಒಂದು ನೋಡಿದರೆ ನಾಲ್ಕಕ್ಕೂ ಟಿಕ್!

ಸಬ್‌ಟೈಟಲ್ ಎಲ್ಲಿ ಬರೆಯುವುದು? ಅದು ಸಿನಿಮಾದ್ದಲ್ಲ, ಬೇರೆ ಡಿಸ್ಕ್‌ನಲ್ಲಿ ಬೇರೆ ಇರಬಹುದು. ಪೂರ್ತಿ ಡಿಸ್ಕ್‌ನದ್ದೂ ಅಲ್ಲ, ಪಕ್ಕದ ಸಿನಿಮಾಗೆ ಇಲ್ಲದೇ ಇರಬಹುದು. ಹಾಗಾಗಿ ಜೋಡಿಸುವ ಟೇಬಲ್‌ಗೇ ಹೋಯಿತು. ಆಡಿಯೊ, ಎಷ್ಟನೆಯ ಸಿನಿಮಾ, ಚಿತ್ರದ ಗುಣಮಟ್ಟ ಎಲ್ಲವೂ ಅಲ್ಲಿಗೇ. ಕೊನೆಗೆ ನನ್ನ ಡೇಟಾಬೇಸ್‌ನಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಈ ಬಡಪಾಯಿ ಟೇಬಲ್ಲೇ.

ಗುಣಮಟ್ಟ ಯಾಕೆ ಬರೆಯಬೇಕು ಅಂದರೆ, ಎರಡು ಪದರದ ಡಿವಿಡಿಯ ಒಂದು ಮುಖದಲ್ಲಿ ಹಿಡಿಯುವುದು 8.5 ಜಿಬಿ. ನೂರು ನಿಮಿಷದ ನಾಲ್ಕು ಸಿನಿಮಾ ಅಂದರೆ 24,000 ಸೆಕೆಂಡ್. ಲೆಕ್ಕ ಹಾಕಿದರೆ ಸೆಕೆಂಡಿಗೆ ಸರಾಸರಿ 2.8 ಮೆಗಾಬಿಟ್, ಅದೂ ಆಡಿಯೊ ಸೇರಿ. ಡಿವಿಡಿಯಲ್ಲಿ ಚಿತ್ರಕ್ಕೆ ಮಾತ್ರವೇ 9.8ರವರೆಗೆ ಅವಕಾಶ ಇದೆ. ಅಂದರೆ ಒತ್ತಿ ಒತ್ತಿ ತುಂಬಿದ್ದಾರೆ. ಕತ್ತಲೆಯ ದೃಶ್ಯ ಬಂದಾಗ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲಿ ನೋಡಿ. ಪಕ್ಕದಲ್ಲಿರುವುದು ನಾನು ಎರಡನೆಯ ಸಲ ತಂದ ಪ್ರತಿ. ಆ ದುಡ್ಡು ಪೂರ್ತಿ ದಂಡ ಆಗಲಿಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಪಟ್ಟಿ ಮಾಡಲು ಆ್ಯಪ್ ಬಳಸುವವರಿಗೆ ಒಂದು ಮಾತು. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಎಲ್ಲ ತಾನೇ ಬರುತ್ತದೆ ಅಂತ ನಂಬಬೇಡಿ. ಬಾರ್‌ಕೋಡ್ ಅಂಟಿರುವುದು ಪ್ಯಾಕಿಗೆ, ಸಿನಿಮಾಗಲ್ಲ. ಆರು ಸಿನಿಮಾದ ಸೆಟ್‌ಗೂ ಹೊರಗೆ ಒಂದೇ. ಸ್ಕ್ಯಾನ್ ಮಾಡಿ ಸೆಟ್‌ನ ಹೆಸರು ಬಂದ ಮೇಲೆ, ಒಳಗಿನ ಸಿನಿಮಾಗಳು ಬೇರೆ ಬೇರೆಯಾಗಿ ಬಂದಿವೆಯಾ ಅಂತ ಒಮ್ಮೆ ನೋಡಿ. ಬಂದಿರದಿದ್ದರೆ ಒಂದೊಂದಾಗಿ ಸೇರಿಸಬೇಕು, ಬೇರೆ ದಾರಿ ಇಲ್ಲ. ಸೇರಿಸುವಾಗ ಹೆಸರಿನ ಜೊತೆ ಸಿನಿಮಾ ಮಾಹಿತಿಯ ವೆಬ್‌ಸೈಟ್ ಐಎಂಡಿಬಿ ಕೊಡುವ ನಂಬರ್ ಕೂಡ ಹಾಕಿ, ‘ಟಿಟಿ’ ಅಂತ ಶುರುವಾಗುತ್ತದಲ್ಲ, ಅದು. ಒಂದೇ ಹೆಸರಿನ ಎರಡು ಸಿನಿಮಾ, ಹಳೆಯದು ಮತ್ತು ರೀಮೇಕ್, ಒಂದೇ ಸೆಟ್‌ನಲ್ಲಿ ಬರುವುದುಂಟು.

ಹಾಗಾದರೆ ಥಿಯೇಟರ್ ಆವೃತ್ತಿ, ನಿರ್ದೇಶಕರ ಆವೃತ್ತಿ ಎರಡೂ ಇದ್ದರೆ? ಬ್ಲೂ-ರೇಯಲ್ಲಿ ಎಷ್ಟೋ ಸಲ ಎರಡಕ್ಕೂ ಬಹುಪಾಲು ವಿಡಿಯೊ ಫೈಲ್‌ಗಳು ಒಂದೇ. ಯಾವ ತುಣುಕಿನ ನಂತರ ಯಾವುದು ಅಂತ ಹೇಳುವ ಪ್ಲೇಲಿಸ್ಟ್ ಮಾತ್ರ ಬೇರೆ. ಡಿಸ್ಕ್ ಮಾಡಿದವರೇ ಒಂದೇ ಸಿನಿಮಾ ಅಂತ ನೋಡಿರುವಾಗ ನಾನ್ಯಾಕೆ ಎರಡು ಮಾಡಲಿ? ಸಿನಿಮಾ ಒಂದೇ ಸಾಲು, ಜೋಡಿಸುವ ಟೇಬಲ್‌ನಲ್ಲಿ ಎರಡು ಸಾಲು, ಪಕ್ಕದಲ್ಲಿ ಆವೃತ್ತಿಯ ಹೆಸರು. ಜೊತೆಗೆ ಕೊಡುವ ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೆ ನನ್ನ ಅಳತೆ ಸುಲಭ. ಮುಂದೆಂದಾದರೂ ಅದರ ಹೆಸರು ಹಿಡಿದು ಹುಡುಕುತ್ತೇನಾ? ಹೌದಾದರೆ ಅದಕ್ಕೂ ಒಂದು ಸಾಲು. ಟ್ರೈಲರ್‌ಗಳಿಗೆ ಇಲ್ಲ.

ಇನ್ನು ಡಿಸ್ಕ್‌ಗೆ ನಂಬರ್. ಸ್ಟಿಕ್ಕರ್ ಅಂಟಿಸೋಣ ಅಂತ ಕೈ ತುರಿಸುತ್ತದೆ, ಅಂಟಿಸಬೇಡಿ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2003ರಲ್ಲಿ ಸಿಡಿ, ಡಿವಿಡಿ ಜೋಪಾನ ಮಾಡುವ ಬಗ್ಗೆ ಒಂದು ಕೈಪಿಡಿ ತಂದಿತು. ಅಂಟು ಲೇಬಲ್ ಬೇಡ ಅನ್ನುವುದು ಅದರಲ್ಲೇ ಇದೆ. ನಾನು ನಂಬರನ್ನು ಕವರ್‌ಗೆ ಬರೆದೆ.

ಕೊನೆಗೆ ಉಳಿದದ್ದು ಇವು, ಎರಡೂ ಮುಖದಲ್ಲಿ ಸಿನಿಮಾ ಇರುವ ಡಿಸ್ಕ್‌ಗಳು. ಚಿತ್ರ ಇಲ್ಲ, ಹೆಸರು ಇಲ್ಲ, ಎರಡು ಕಡೆಯೂ ಕನ್ನಡಿಯ ಹಾಗೆ. ನಡುವಿನ ತೂತಿನ ಸುತ್ತ ಇರುವೆ ಸಾಲಿನಂಥ ಅಕ್ಷರದಲ್ಲಿ ಎ ಅಥವಾ ಬಿ ಅಂತ ಇರುತ್ತದೆ. ಮೇಲೆ ಕಾಣುವ ಮುಖವನ್ನು ಹೇಳುತ್ತಿದೆಯೋ, ಕೆಳಗೆ ಲೇಸರ್ ಓದುವ ಮುಖವನ್ನೋ ಅಂತ ನನಗೆ ಪ್ರತಿ ಸಲ ಗೊಂದಲ. ಅದಕ್ಕೆ ಎಲ್ಲವನ್ನೂ ಪ್ಲೇಯರ್‌ಗೆ ಹಾಕಿ ನೋಡಿಯೇ ‘ಮುಖ’ ಅಂತ ಒಂದು ಕಾಲಂ ತುಂಬಿಸಿದೆ. ಅದರಲ್ಲಿ ಎ, ಬಿ ಅಂತ ಬರೆದಿಲ್ಲ. ‘ಎ ಅಕ್ಷರ ಮೇಲೆ ಬರುವ ಹಾಗೆ ಹಾಕು’ ಅಂತ ಪೂರ್ತಿ ಬರೆದಿದ್ದೇನೆ. ಈಗ ಪರೀಕ್ಷೆ ಮಾಡೋಣ. ಎ ಮೇಲೆ... ಟ್ರೇ ಒಳಗೆ ಹೋಯಿತು... ಹಾಂ, ಇದೇ ಸಿನಿಮಾ.