ಹೆಸರು ಓದುವ ಭಾನುವಾರ

ನಮಸ್ಕಾರ.

ಇವತ್ತು ನಿಮಗೆ ಒಂದು ಭಾನುವಾರದ ಸಂಗತಿ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮ ಯಜಮಾನರ ಕೆಲಸದ ಸಲುವಾಗಿ ನಾವು ನಾಲ್ಕು ವರ್ಷ ಇಂಗ್ಲೆಂಡಿನಲ್ಲಿದ್ದೆವು. ದಕ್ಷಿಣದಲ್ಲಿ, ಸಮುದ್ರದ ಕಡೆಗೆ, ಸಸೆಕ್ಸ್ ಅಂತ ಒಂದು ಸೀಮೆ. ಅಲ್ಲಿನ ಒಂದು ಚಿಕ್ಕ ಹಳ್ಳಿಯಲ್ಲಿ ನಮ್ಮ ಮನೆ. ಒಂದು ಚರ್ಚು, ಒಂದು ಶಾಲೆ, ಒಂದು ಅಂಗಡಿ. ಊರು ದಾಟಿದರೆ ಕುರಿ ಮೇಯುವ ಹುಲ್ಲಿನ ಗುಡ್ಡ.

ಹೋದ ಮೊದಲ ವರ್ಷ, ನವೆಂಬರ್ ತಿಂಗಳು. ಸಂಜೆ ನಾಲ್ಕೂವರೆಗೇ ಕತ್ತಲಾಗುವ ಕಾಲ. ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಎಂಬತ್ತು ದಾಟಿದವರು. ಕೈಯಲ್ಲಿ ಕಾಗದದ ಮೂರು ಕೆಂಪು ಹೂವು. ಒಂದು ನನಗೆ, ಒಂದು ಯಜಮಾನರಿಗೆ, ಒಂದು ನಮ್ಮ ಮಗಳಿಗೆ. 'ಭಾನುವಾರ ಚರ್ಚಿಗೆ ಬನ್ನಿ. ನಿಮ್ಮ ದೇವರು ಯಾರು ಅಂತ ಯಾರೂ ಕೇಳೋದಿಲ್ಲ. ಅವತ್ತು ಊರಿಗೆ ಊರೇ ಬರುತ್ತೆ' ಅಂದರು.

ಆ ಹೂವು ನಮ್ಮ ಗಸಗಸೆಯ ಜಾತಿಯದೇ. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಕೆಂಪು ಗಸಗಸೆ. ಅದರ ಬೀಜ ಮಣ್ಣಿನೊಳಗೆ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ. ಮಣ್ಣು ಮಗುಚಿ ಬೆಳಕು ತಾಗಿದರೆ ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ, ಫ್ರಾನ್ಸಿನ ನೆಲವನ್ನು ಫಿರಂಗಿ ಗುಂಡುಗಳು ಉತ್ತು ಹಾಕಿದವು. ಹೆಣ ಹೂತ ಜಾಗದಲ್ಲೆಲ್ಲ ಕೆಂಪು ಹೂವು ಎದ್ದಿತು. 1921ರಿಂದ ಬ್ರಿಟಿಷ್ ಲೀಜನ್ ಅನ್ನುವ ಮಾಜಿ ಸೈನಿಕರ ಸಂಘ ಆ ಹೂವನ್ನು ಮಾಡಿಸಿ ಮಾರುತ್ತಿದೆ. ಬಂದ ದುಡ್ಡು ಸೈನಿಕರಿಗೆ, ಅವರ ಮನೆಯವರಿಗೆ ಹೋಗುತ್ತದೆ.

ಆ ಭಾನುವಾರ ಬೆಳಗ್ಗೆ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಚರ್ಚಿನ ಗಂಟೆ. ದಿನಾ ಕೇಳುವ ಗಂಟೆಯೇ, ಆದರೆ ಸದ್ದು ಬೇರೆ. ಒಂದು ಸಲ ಗಟ್ಟಿಯಾಗಿ ಢಣ್ ಅನ್ನುತ್ತದೆ. ಮುಂದಿನ ಸಲ ಅದೇ ಗಂಟೆ ದೂರದ ಗುಡ್ಡದಾಚೆಯಿಂದ ಕೇಳಿದ ಹಾಗೆ ಮೆತ್ತಗೆ. ಗಂಟೆಯ ನಾಲಿಗೆಗೆ ಒಂದು ಬದಿಗೆ ಮಾತ್ರ ಚರ್ಮದ ತುಂಡು ಕಟ್ಟಿರುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಒಮ್ಮೆ ಕೂಗಿದ ಹಾಗೆ, ಒಮ್ಮೆ ಆ ಕೂಗಿಗೆ ಯಾರೋ ಓಗೊಟ್ಟ ಹಾಗೆ. ಈಗಲೂ ಕಣ್ಣು ಮುಚ್ಚಿದರೆ ಆ ಸದ್ದು ಕಿವಿಯಲ್ಲಿದೆ.

ಯುದ್ಧದಲ್ಲಿ ಸತ್ತವರನ್ನು ನೆನೆಯುವ ಈ ಸೇವೆ ನವೆಂಬರ್ ತಿಂಗಳ ಎರಡನೇ ಭಾನುವಾರ ನಡೆಯುತ್ತದೆ. 1918ರ ನವೆಂಬರ್ 11ರಂದು ಬೆಳಗ್ಗೆ 11 ಗಂಟೆಗೆ ಯುದ್ಧ ನಿಂತಿತಲ್ಲ, ಅದಕ್ಕೆ ಹತ್ತಿರದ ಭಾನುವಾರ. ಚರ್ಚಿನ ಅಂಗಳದಲ್ಲಿ ಕಲ್ಲಿನ ಶಿಲುಬೆ. ಅದರ ಸುತ್ತ ಊರಿನವರು, ಪದಕ ಹಾಕಿಕೊಂಡ ಮುದುಕರು, ಸ್ಕೌಟ್ ಮಕ್ಕಳು. ಹನ್ನೊಂದಕ್ಕೆ ಸರಿಯಾಗಿ ಒಬ್ಬ ಹುಡುಗ ಬ್ಯೂಗಲ್ ಊದಿದ. ಸೈನಿಕರ ಪಾಳೆಯದಲ್ಲಿ ದಿನ ಮುಗಿಯಿತು ಅಂತ ರಾತ್ರಿ ಊದುತ್ತಾರಲ್ಲ, ಆ ಧಾಟಿ. ಬಾವುಟಗಳು ನೆಲ ಮುಟ್ಟುವಷ್ಟು ಬಾಗಿದವು. ಆಮೇಲೆ ಎರಡು ನಿಮಿಷ ಮೌನ. ಅದು ಮುಗಿದ ಮೇಲೆ ಮತ್ತೆ ಬ್ಯೂಗಲ್, ಈ ಸಲ ಬೆಳಗಿನ ಜಾವ ಸೈನಿಕರನ್ನು ಎಬ್ಬಿಸುವ ಧಾಟಿ. ರಾತ್ರಿಗೂ ಬೆಳಗಿಗೂ ನಡುವೆ ಎರಡೇ ನಿಮಿಷ. ರಾಜ ಐದನೇ ಜಾರ್ಜ್ ಕೇಳಿಕೊಂಡ ಮೇಲೆ 1919ರಲ್ಲಿ ಮೊದಲ ಸಲ ಆ ದೇಶವೆಲ್ಲ ಹೀಗೆ ನಿಂತಿತಂತೆ. ನನ್ನ ಆರು ವರ್ಷದ ಮಗಳು ಹೂವಿನ ಪಿನ್ನನ್ನು ಬೆರಳಲ್ಲಿ ಹಿಡಿದು, ಉಸಿರು ಕಟ್ಟಿಕೊಂಡು ನಿಂತಿದ್ದಳು.

ಕೊನೆಗೆ ಪಾದ್ರಿಗಳು ಎರಡು ಸಾಲು ಹೇಳಿದರು. ಊರಿಗೆ ಹೋದಾಗ ನಮ್ಮ ವಿಷಯ ಹೇಳಿ, ನಿಮ್ಮ ನಾಳೆಗೋಸ್ಕರ ನಮ್ಮ ಇವತ್ತನ್ನು ಕೊಟ್ಟೆವು ಅಂತ ಹೇಳಿ, ಅನ್ನುವ ಅರ್ಥದ ಸಾಲು. ಅದು ಎಲ್ಲಿಯ ಕಲ್ಲಿನ ಮೇಲಿದೆ ಗೊತ್ತಾ? ನಮ್ಮ ನಾಗಾಲ್ಯಾಂಡಿನ ಕೊಹಿಮಾದಲ್ಲಿ. 1944ರಲ್ಲಿ ಜಪಾನಿನ ಸೈನ್ಯವನ್ನು ಅಲ್ಲಿ ತಡೆದು ನಿಲ್ಲಿಸಿದರಲ್ಲ, ಆಗ ಸತ್ತವರ ಸ್ಮಾರಕದ ಮೇಲಿನ ಮಾತು. ಅಷ್ಟು ದೂರದ ಹಳ್ಳಿಯಲ್ಲಿ ನಿಂತು ಕೊಹಿಮಾ ಅನ್ನುವ ಹೆಸರು ಕೇಳಿದಾಗ ನನಗೆ ಮೈ ಜುಂ ಅಂದಿತು.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಇದರ ನಡುವೆ ನಡೆದ ಒಂದು ಕೆಲಸದ ಬಗ್ಗೆ. ಯುದ್ಧಕ್ಕೆ ಹೋಗಿ ಸತ್ತ ಆ ಊರಿನವರ ಹೆಸರು ಓದುವುದು.

ಓದಿದವರು ಊರಿನ ಒಬ್ಬ ರೈತರು. ಭಾಷಣ ಇಲ್ಲ. ಒಂದು ಹೆಸರು ಓದುತ್ತಾರೆ, ಒಂದು ಉಸಿರಿನಷ್ಟು ನಿಲ್ಲುತ್ತಾರೆ, ಮುಂದಿನ ಹೆಸರು. ಅಧಿಕಾರಿ ಮೊದಲು, ಸಿಪಾಯಿ ಆಮೇಲೆ ಅಂತಿಲ್ಲ. ಅಕ್ಷರದ ಸಾಲಿನ ಪ್ರಕಾರ. ಒಂದು ಕಡೆ ಒಂದೇ ಮನೆತನದ ಹೆಸರು ಒಂದರ ಹಿಂದೆ ಒಂದು ಎರಡು ಸಲ ಬಂತು. ಅಣ್ಣ ತಮ್ಮ. ಇನ್ನೊಂದು ಹೆಸರು ಬಂದಾಗ ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈ ಒತ್ತಿದರು. ಅವರ ಅಪ್ಪನ ಅಣ್ಣ. ಅಜ್ಜಿ ಅವನನ್ನು ನೋಡಿದವರಲ್ಲ, ಅವರು ಹುಟ್ಟುವ ಮೊದಲೇ ಹೋದ ಹುಡುಗ. ಆದರೂ ದೊಡ್ಡಪ್ಪ ದೊಡ್ಡಪ್ಪನೇ ಅಲ್ವಾ?

ನಮ್ಮಲ್ಲಿ ತರ್ಪಣ ಕೊಡುವಾಗ ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ನಾಲ್ಕನೆಯವರು ಬಂದರೆ ಮೇಲಿನ ಒಂದು ಹೆಸರು ಬಿಟ್ಟುಹೋಗುತ್ತದೆ. ಇಲ್ಲಿ ಹಾಗೆ ಬಿಟ್ಟಿಲ್ಲ. ಮದುವೆಯಾಗದೆ, ಮಕ್ಕಳಿಲ್ಲದೆ ಹತ್ತೊಂಬತ್ತಕ್ಕೇ ಹೋದವನಿಗೂ ಊರೇ ಮನೆಯವರಾಗಿ ನಿಂತಿದೆ.

ಯಾಕೆ ಹೀಗೆ ಅಂತ ಕೇಳಿದೆ. ಅಜ್ಜಿ ಹೇಳಿದ ಉತ್ತರ ಸರಳ. 'ಹೆಣ ಊರಿಗೆ ಬರಲಿಲ್ಲ.' ನಿಜ. ಮೊದಲ ಮಹಾಯುದ್ಧದಲ್ಲಿ ಸತ್ತವರನ್ನು ಊರಿಗೆ ತರುವ ಹಾಗಿರಲಿಲ್ಲ. ದುಡ್ಡಿದ್ದವರ ಮಗನನ್ನು ತಂದು, ಬಡವರ ಮಗನನ್ನು ಅಲ್ಲೇ ಬಿಡುವುದು ಬೇಡ ಅಂತ ಸರ್ಕಾರ ಎಲ್ಲರಿಗೂ ಒಂದೇ ಕಟ್ಟಳೆ ಮಾಡಿತು. 1917ರಲ್ಲಿ ಹುಟ್ಟಿದ ಯುದ್ಧ ಸಮಾಧಿ ಆಯೋಗ ಎಲ್ಲರಿಗೂ ಒಂದೇ ಅಳತೆಯ ಕಲ್ಲು ನಿಲ್ಲಿಸಿತು. ಲಕ್ಷಾಂತರ ಜನರ ದೇಹ ಸಿಗಲೇ ಇಲ್ಲ. ಹಾಗಾಗಿ ತಾಯಿಗೆ ಅಳುವುದಕ್ಕೆ ಸಿಕ್ಕಿದ್ದು ಊರಿನ ಚರ್ಚಿನ ಗೋಡೆಯ ಮೇಲಿನ ಹೆಸರು. ಅದೇ ಸಮಾಧಿ.

ಅದೇ ಸೀಮೆಯಲ್ಲಿ ವಾಡ್‌ಹರ್ಸ್ಟ್ ಅಂತ ಒಂದು ದೊಡ್ಡ ಹಳ್ಳಿ ಇದೆ. ಹಿಂದೆ ಅಲ್ಲೆಲ್ಲ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. ಅಲ್ಲಿನ ಹಳೇ ಚರ್ಚಿನ ನೆಲದಲ್ಲಿ ಸಮಾಧಿ ಕಲ್ಲಿನ ಬದಲು ಎರಕದ ಕಬ್ಬಿಣದ ಹಲಗೆಗಳಿವೆ, ಕಾಲು ಇಟ್ಟರೆ ತಣ್ಣಗೆ. ಆ ಊರು 1915ರ ಮೇ 9ರಂದು, ಒಂದೇ ದಿನ, 25 ಗಂಡಸರನ್ನು ಕಳೆದುಕೊಂಡಿತು. ಅವತ್ತೂ ಭಾನುವಾರ. ಫ್ರಾನ್ಸಿನ ಓಬೇರ್ ಅನ್ನುವ ದಿಣ್ಣೆ ಹಿಡಿಯುವ ಯುದ್ಧ. ಬೆಳಗ್ಗೆ 5 ಗಂಟೆಯಿಂದ ನಲವತ್ತು ನಿಮಿಷ ಫಿರಂಗಿ ಹೊಡೆದರು. ಸಾಕಷ್ಟು ಗುಂಡುಗಳೇ ಇರಲಿಲ್ಲ. ಎದುರಿನ ಮುಳ್ಳುತಂತಿ ಬಹಳ ಕಡೆ ಹರಿಯಲಿಲ್ಲ, ಮಷೀನ್ ಗನ್ನುಗಳು ಹಾಗೇ ಉಳಿದವು. ಹುಡುಗರು ಕಂದಕದಿಂದ ಮೇಲೆ ಹತ್ತಿದರು. ಆ ಒಂದು ದಿನ ಬ್ರಿಟಿಷ್ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 11,000ಕ್ಕೂ ಜಾಸ್ತಿ. ಒಂದೇ ಊರಿನವರನ್ನು ಒಂದೇ ತುಕಡಿಗೆ ಸೇರಿಸುತ್ತಿದ್ದರು, ಆಗ ಸಾವೂ ಒಂದೇ ಊರಿಗೆ ಬರುತ್ತಿತ್ತು. ವಾಡ್‌ಹರ್ಸ್ಟಿನ ಆ ಇಪ್ಪತ್ತೈದು ಜನರಲ್ಲಿ ಹೆಚ್ಚಿನವರ ಸಮಾಧಿ ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ. ನೂರು ವರ್ಷ ಕಳೆದ ಮೇಲೆ, 2015ರಲ್ಲಿ, ಆ ಹಳ್ಳಿಯೂ ಫ್ರಾನ್ಸಿನ ಓಬೇರ್ ಹಳ್ಳಿಯೂ ಜೋಡಿ ಊರುಗಳಾದವು.

ಹೋದವರೆಲ್ಲ ಜೀವಂತ ವಾಪಸ್ ಬಂದ ಊರುಗಳೂ ಇವೆ. ಕೃತಜ್ಞ ಊರುಗಳು ಅನ್ನುತ್ತಾರೆ. ಇಂಗ್ಲೆಂಡು, ವೇಲ್ಸ್ ಎಲ್ಲ ಹುಡುಕಿದರೂ ಐವತ್ತು ಚಿಲ್ಲರೆ ಅಷ್ಟೇ.

ಮನೆಗೆ ಬಂದು ಓದುತ್ತಾ ಕೂತಾಗ ನನಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೇ 9ರ ಅದೇ ಬೆಳಗ್ಗೆ, ಆ ಸಸೆಕ್ಸ್ ಹುಡುಗರ ಪಕ್ಕದ ಸಾಲಿನಿಂದಲೇ ಮೇಲೆ ಹತ್ತಿದ್ದು ಭಾರತದ ಸೈನ್ಯ. ಮೀರತ್ ಡಿವಿಷನ್. ಒಂದೇ ಹೊಲ, ಒಂದೇ ಹೊತ್ತು, ಒಂದೇ ಗುಂಡು. ಅಲ್ಲೇ ಹತ್ತಿರ ನವ್ ಶಪೆಲ್ ಎಂಬಲ್ಲಿ ಸಮಾಧಿ ಇಲ್ಲದ 4,700ಕ್ಕೂ ಜಾಸ್ತಿ ಭಾರತೀಯರ ಹೆಸರು ಕಲ್ಲಿನ ಮೇಲಿದೆ. ಆ ಯುದ್ಧಕ್ಕೆ ನಮ್ಮಿಂದ ಹೋದವರು 13 ಲಕ್ಷಕ್ಕೂ ಮಿಕ್ಕಿ. ಸತ್ತವರು ಸುಮಾರು 74,000. ಅವರಿಗೂ ಊರಿತ್ತು, ಅಮ್ಮ ಇದ್ದಳು. ಅವರ ಊರಿನಲ್ಲಿ ವರ್ಷಕ್ಕೊಂದು ಸಲ ಅವರ ಹೆಸರನ್ನು ಯಾರು ಓದುತ್ತಾರೆ?

ಕೆಲವರ ಹೆಸರನ್ನು ಬರೆದೂ ಇಡಲಿಲ್ಲ. 2021ರಲ್ಲಿ ಅದೇ ಸಮಾಧಿ ಆಯೋಗ ಒಂದು ವರದಿಯಲ್ಲಿ ಒಪ್ಪಿಕೊಂಡಿತು. ಆಫ್ರಿಕಾ, ಏಷ್ಯಾ, ಮಧ್ಯಪ್ರಾಚ್ಯದ ಕಡೆಯ ಕಡಿಮೆ ಅಂದರೂ 1,16,000 ಜನ, ಬಹುಶಃ ಮೂರೂವರೆ ಲಕ್ಷದವರೆಗೂ, ಹೆಸರಿಲ್ಲದೆ ಅಥವಾ ಯಾವ ಗುರುತೂ ಇಲ್ಲದೆ ಉಳಿದರು ಅಂತ. ಎಲ್ಲರಿಗೂ ಒಂದೇ ಅಳತೆಯ ಕಲ್ಲು ಅಂದವರೇ ಹೀಗೆ ಮಾಡಿದ್ದರು. ಕ್ಷಮೆ ಕೇಳಿದ್ದು ಒಳ್ಳೆಯದೇ. ಆದರೆ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಪಾಲಿನ ತಪ್ಪೂ ಇದೆ. ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಗೆದ್ದರು. ಭರ್ಜಿ ಹಿಡಿದು ಮಷೀನ್ ಗನ್ನಿಗೆ ಎದುರಾದವರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆ ದಾರಿಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೆ. ಒಂದು ಸಲವೂ ಇಳಿದು ನೋಡಿರಲಿಲ್ಲ. ಊರಿಗೆ ವಾಪಸ್ ಬಂದ ವಾರವೇ ಮಗಳನ್ನು ಕರೆದುಕೊಂಡು ಹೋಗಿ ಬಂದೆ.

ವಾಪಸ್ ಬರುವ ಮೊದಲು ಸಸೆಕ್ಸ್‌ನಲ್ಲೂ ಒಂದು ಕೆಲಸ ಬಾಕಿ ಇತ್ತು. ಬ್ರೈಟನ್ ಪಟ್ಟಣದ ಅರಮನೆಯನ್ನು ಆ ಯುದ್ಧದಲ್ಲಿ ಭಾರತೀಯ ಸೈನಿಕರ ಆಸ್ಪತ್ರೆ ಮಾಡಿದ್ದರು. ಜಾತಿ ಧರ್ಮಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆ ಇದ್ದವಂತೆ. ಅಲ್ಲಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ, ಸಿಖ್ಖರಲ್ಲಿ 53 ಜನರನ್ನು ಊರ ಹೊರಗಿನ ಗುಡ್ಡದ ಮೇಲೆ ಸುಟ್ಟರು. ಆ ಜಾಗದಲ್ಲಿ 1921ರಿಂದ ಬಿಳಿ ಅಮೃತಶಿಲೆಯ ಒಂದು ಛತ್ರಿ ಇದೆ. ಎಂಟು ಕಂಬ, ಮೇಲೊಂದು ಗುಮ್ಮಟ. ಆದರೆ ಹೆಸರುಗಳು ಬಂದಿದ್ದು 2010ರಲ್ಲಿ, ಪಕ್ಕದಲ್ಲಿ ಇನ್ನೊಂದು ಕಲ್ಲು ನಿಲ್ಲಿಸಿದಾಗ. 89 ವರ್ಷ ಆದ ಮೇಲೆ.

ಕೊನೆಯ ವರ್ಷ, ಅದೇ ನವೆಂಬರ್ ಭಾನುವಾರ, ಹಳ್ಳಿಯ ಸೇವೆ ಮುಗಿಸಿಕೊಂಡು ನಾವು ಮೂವರೂ ಅಲ್ಲಿಗೆ ಹೋದೆವು. ಕಾರು ಹೋಗುವುದಿಲ್ಲ. ಕುರಿಗಳ ನಡುವೆ ಗುಡ್ಡ ಹತ್ತಿಕೊಂಡೇ ಹೋಗಬೇಕು. ಗಾಳಿ ಜೋರಾಗಿತ್ತು. ನಾನು ಆ ರೈತರು ಓದಿದ ಹಾಗೇ ಓದಿದೆ. ಒಂದು ಹೆಸರು, ಒಂದು ಉಸಿರು. ಒಂದೆರಡು ಕಡೆ ಉಚ್ಚಾರ ಸರಿ ಬಂತೋ ಇಲ್ಲವೋ ಅನ್ನಿಸಿ ಮತ್ತೊಮ್ಮೆ ಓದಿದೆ. ನಡುವೆ ನನ್ನ ಗಂಟಲು ಕಟ್ಟಿತು. ಆಗ ಮಗಳು ಕಲ್ಲಿನ ಹತ್ತಿರ ಹೋಗಿ, ನಾನು ನಿಲ್ಲಿಸಿದ ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿಂದ ಮುಂದಕ್ಕೆ ಓದಿದಳು.

ನಮಸ್ಕಾರ.