ವಾಲಿಗೂ ಮಾತು ಬೇಕು

ಕೇಳುಗರಿಗೆ ನಮಸ್ಕಾರ.

ರೀಮಿಕ್ಸ್ ಅಂದ ಕೂಡಲೇ ಹಳೆ ಹಾಡಿಗೆ ಹೊಸ ಡ್ರಮ್ ಬಡಿದದ್ದು ನಿಮಗೆ ನೆನಪಾಗಬಹುದು. ನಾನು ಹೇಳಹೊರಟಿದ್ದು ವಿಡಿಯೊ ರೀಮಿಕ್ಸ್ ಬಗ್ಗೆ. ಬೇರೆಯವರು ತೆಗೆದ ವಿಡಿಯೊ, ಮಾಡಿದ ಭಾಷಣ, ಬರೆದ ನಕ್ಷೆ ಇವನ್ನೆಲ್ಲ ತುಂಡು ಮಾಡಿ, ಹೊಸದಾಗಿ ಜೋಡಿಸಿ, ನಮ್ಮದೊಂದು ಮಾತು ಹೇಳುವುದು. 2019ರಲ್ಲಿ ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೇತಾ ಥುನ್‌ಬರ್ಗ್ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣವನ್ನು ಯಾರೋ ಮೆಟಲ್ ಎಂಬ ಅಬ್ಬರದ ಸಂಗೀತಕ್ಕೆ ಕೂರಿಸಿದ್ದರು. ಆಕೆಯನ್ನು ಹೊಗಳುವ ವಿಡಿಯೊಗಳೂ ಹಂಗಿಸುವ ವಿಡಿಯೊಗಳೂ ಅದೇ ಭಾಷಣದಿಂದ ಹುಟ್ಟಿದವು.

ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ಅಕ್ಕೋರು. ಹವಾಮಾನ ಬದಲಾವಣೆಯ ಚರ್ಚೆಯನ್ನು ಹೈಸ್ಕೂಲು ಮಕ್ಕಳಿಂದ ಹೀಗೆ ವಿಡಿಯೊ ಮಾಡಿಸುತ್ತೇನೆ. ಸಾಮಾನು ಜಾಸ್ತಿ ಬೇಡ, ಒಂದು ಫೋನು ಸಾಕು. ಕಂಪ್ಯೂಟರ್ ಇದ್ದರೆ ಶಾಟ್‌ಕಟ್, ಕೆಡೆನ್‌ಲೈವ್ ಅಂತ ಉಚಿತ ತಂತ್ರಾಂಶಗಳಿವೆ. ಎಡಿಟಿಂಗ್ ವಿಷಯದಲ್ಲಿ ಒಂಬತ್ತನೇ ಕ್ಲಾಸಿನವರೇ ನಮಗೆ ಪಾಠ ಮಾಡುತ್ತಾರೆ ಬಿಡಿ. ಕತ್ತರಿ ಎಲ್ಲಿ ಹಾಕಬಾರದು ಅನ್ನುವುದನ್ನು ಮಾತ್ರ ನಾವು ಹೇಳಿಕೊಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ತಿಳಿಸಿ ಹೇಳುವುದು ಸುಲಭ. ಮಳೆಗಾಲದಲ್ಲಿ ತಾಳಮದ್ದಳೆ ಕೇಳಿ ಬೆಳೆದವರು ನಾವು, ಅಲ್ವಾ? ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಪ್ರಸಂಗದ ಪದ್ಯ ಹಳೆಯದು, ಅರ್ಥ ಹೇಳುವವರ ಮಾತು ಅವತ್ತಿನದು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಆ ಪ್ರಶ್ನೆ ಗಟ್ಟಿಯಾಗಿ ಬರದಿದ್ದರೆ ರಾಮನ ಉತ್ತರಕ್ಕೂ ತೂಕ ಇರುವುದಿಲ್ಲ. ಸಿರಸಿ, ಸಿದ್ದಾಪುರದ ಕಡೆ ವಾಲಿಯ ಅರ್ಥಧಾರಿ ಸಪ್ಪೆಯಾದರೆ ಜನ ಚಹಾ ಕುಡಿಯಲು ಎದ್ದು ಹೋಗುತ್ತಾರೆ. ಹಾಗಾಗಿ ಮಕ್ಕಳಿಗೆ ನನ್ನ ಮೊದಲ ನಿಯಮ: ಎದುರು ಪಕ್ಷದವರ ವಾಕ್ಯ ಪೂರ್ತಿ ಬರಲಿ, ಆಮೇಲೆ ನಿಮ್ಮ ಉತ್ತರ.

'ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದ, ಮನುಷ್ಯರಿಂದಲ್ಲ' ಎನ್ನುವವರ ತುಣುಕೊಂದನ್ನು ಹುಡುಗರು ತಂದರು. ಅದರ ಮೇಲೆ ನಗುವಿನ ಸದ್ದು ಹಾಕಿದ್ದರು. ಸುಮ್ನೆ ನಕ್ಕರೆ ಉತ್ತರ ಕೊಟ್ಟ ಹಾಗಾಗುತ್ತದಾ? ನಗು ತೆಗೆಸಿದೆ, ಉತ್ತರ ಹುಡುಕಿಸಿದೆ. ಉತ್ತರ ಚೆನ್ನಾಗಿಯೇ ಇದೆ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆದರೆ ನಾವು ಉಸಿರಾಡುವ ಕೆಳಗಿನ ಪದರ ಬಿಸಿಯಾಗುತ್ತಿದೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಆಗುವುದೇ ಹೀಗೆ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಈ ಅನಿಲವನ್ನು ಅಳೆಯುತ್ತಿದ್ದಾರೆ. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಅದಕ್ಕೂ ಹಿಂದಿನ 8 ಲಕ್ಷ ವರ್ಷಗಳ ಲೆಕ್ಕ ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿದೆ. ಕೈಗಾರಿಕೆಗಳ ಕಾಲ ಬರುವವರೆಗೆ ಅದು 300 ಮುಟ್ಟಿದ್ದೇ ಅಪರೂಪ. ಮಕ್ಕಳು ಆ ಏರುಗೆರೆಯನ್ನು ತೆರೆಯ ಮೇಲೆ ನಿಧಾನಕ್ಕೆ ಎಳೆದು, ಜೊತೆಗೆ ತಾವೇ ಬಾರಿಸಿದ ಚಂಡೆಯ ಸದ್ದು ಇಟ್ಟರು. ಗೆರೆ ಏರಿದಂತೆ ಪೆಟ್ಟು ಚುರುಕಾಗುತ್ತದೆ. ನನಗಂತೂ ಬಹಳ ಹಿಡಿಸಿತು.

ಮಾತು ಪೂರ್ತಿ ಕೇಳಿಸುವುದು ಬೇರೆ, ಎರಡೂ ಪಕ್ಷ ಸಮ ಅನ್ನುವುದು ಬೇರೆ. ತೆರೆಯನ್ನು ಅರ್ಧಕ್ಕೆ ಸೀಳಿ ಇತ್ತ ಒಬ್ಬರು, ಅತ್ತ ಒಬ್ಬರು ಕೂತರೆ ನೋಡುವವರಿಗೆ ವಿಷಯ ಇನ್ನೂ ತೀರ್ಮಾನವಾಗಿಲ್ಲ ಅನ್ನಿಸುತ್ತದೆ. ಮನುಷ್ಯರಿಂದಲೇ ಭೂಮಿ ಬಿಸಿಯಾಗಿದೆ, ಇದರಲ್ಲಿ ಸಂಶಯ ಇಲ್ಲ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರ ವರದಿಯಲ್ಲೇ ಹೇಳಿದೆ.

ಮಾತಿಗಿಂತ ಮೋಸ ಜಾಸ್ತಿ ಇರುವುದು ಚಿತ್ರ ಜೋಡಿಸುವಲ್ಲಿ. ಸುಮಾರು 100 ವರ್ಷಗಳ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖಭಾವವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ತೋರಿಸಿದ. ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು. ಮುಖ ಬದಲಾಗಿರಲೇ ಇಲ್ಲ. ಮೀನು ಮಾರುವ ಅಜ್ಜಿಯೊಬ್ಬರನ್ನು ನಮ್ಮ ಹುಡುಗಿಯರು ಚಿತ್ರ ತೆಗೆಯಲು ಹೋದಾಗ ಅವರು ಕೇಳಿದ್ದೂ ಅದನ್ನೇ: "ನನ್ನ ಮುಖಾ ಎಂತದ್ರ ಸಂಗ್ತಿಗೆ ಹಾಕ್ತ್ರಿ ಅಕ್ಕೋರೆ?" 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಅಲೆಗಳ ಪಕ್ಕ ಅವರ ಮುಖ ಇಟ್ಟರೆ ಎಲ್ಲ ಕಳೆದುಕೊಂಡವರಂತೆ ಕಾಣುತ್ತಿದ್ದರು. ಅವತ್ತು ಅವರಿಗೆ ವ್ಯಾಪಾರ ಚೆನ್ನಾಗಿಯೇ ಆಗಿತ್ತು.

ಶಿರೂರಿನ ವಿಷಯಕ್ಕೆ ಬಂದಾಗ ನಾನು ಇನ್ನೂ ಕಟ್ಟುನಿಟ್ಟು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಕೊಚ್ಚಿ ಹೋದ ಲಾರಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಈ ದೃಶ್ಯಗಳ ಕೆಳಗೆ 'ಹವಾಮಾನ ಬದಲಾವಣೆಯ ಪರಿಣಾಮ' ಎಂದು ಬರೆದುಬಿಡುವುದು ಬಹಳ ಸುಲಭ. ವಿಪರೀತ ಮಳೆ ಇತ್ತು, ನಿಜ. ಹೆದ್ದಾರಿಗಾಗಿ ಕಡಿದ ಗುಡ್ಡವೂ ಇತ್ತಲ್ಲ! ಎಲ್ಲವನ್ನೂ ಆಕಾಶದ ಮೇಲೆ ಹಾಕಿದರೆ ನೆಲ ಅಗೆದವರನ್ನು ಕೇಳುವವರೇ ಇರುವುದಿಲ್ಲ. ಅಳುವವರ ದೃಶ್ಯಕ್ಕೆ ಪಿಟೀಲು ಸೇರಿಸುವುದಂತೂ ನಮ್ಮಲ್ಲಿ ಪೂರ್ತಿ ನಿಷೇಧ.

ಇನ್ನು ಕಾಯಿದೆಯ ಮಾತು, ಚುಟುಕಾಗಿ. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ಟೀಕೆ, ವಿಮರ್ಶೆಗಾಗಿ ಇನ್ನೊಬ್ಬರ ಕೃತಿಯನ್ನು ನ್ಯಾಯವಾದ ರೀತಿಯಲ್ಲಿ ಬಳಸಲು ಬಿಡುತ್ತದೆ. ಇಡೀ ಸಿನಿಮಾ ಹಾಡು ಎತ್ತಿ ಹಾಕಲು ಅದು ಪರವಾನಗಿ ಅಲ್ಲ. ನಾಸಾದ ಚಿತ್ರಗಳನ್ನು ಸಾಮಾನ್ಯವಾಗಿ ಧೈರ್ಯವಾಗಿ ಬಳಸಬಹುದು. ಕ್ರಿಯೇಟಿವ್ ಕಾಮನ್ಸ್, ಅಂದರೆ ಇತರರು ಬಳಸಲು ಮಾಡಿದವರೇ ಮೊದಲೇ ಕೊಟ್ಟ ಅನುಮತಿಯ ಗುರುತು ಇದ್ದರೆ ಅದರ ಪಕ್ಕದ ಅಕ್ಷರ ಓದಿ. 'ಎನ್‌ಡಿ' ಎಂದಿದ್ದರೆ ಅದನ್ನು ಕತ್ತರಿಸಿ ಜೋಡಿಸಿ ಹಂಚುವಂತಿಲ್ಲ.

ಈ ಸಲ ಮಕ್ಕಳು ಕೈಗೆತ್ತಿಕೊಂಡಿರುವುದು ಶರಾವತಿಯ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟು ಹೆಚ್ಚಿದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2000 ಮೆಗಾವಾಟ್ ವಿದ್ಯುತ್ ಪಡೆಯುವುದು. ಸೌರಶಕ್ತಿ ರಾತ್ರಿ ಸಿಗುವುದಿಲ್ಲ, ಕಲ್ಲಿದ್ದಲು ಬಿಡಬೇಕೆಂದರೆ ಇಂಥದ್ದು ಬೇಕು ಎನ್ನುತ್ತದೆ ಒಂದು ಪಕ್ಷ. ನೀರೆತ್ತಲು ಬೇಕಾದ ಕರೆಂಟು ಸಿಗುವ ಕರೆಂಟಿಗಿಂತ ಜಾಸ್ತಿ, ಅದಕ್ಕಾಗಿ ಸಿಂಗಳೀಕಗಳ ಕಾಡನ್ನು ಕಡಿಯುತ್ತೀರಾ ಎನ್ನುತ್ತದೆ ಇನ್ನೊಂದು. ಎರಡೂ ಪಕ್ಷದವರು ಆಣೆ ಹಾಕುವುದು ಹವಾಮಾನದ ಮೇಲೆಯೇ. ಇದರಲ್ಲಿ ವಾಲಿ ಯಾರು, ರಾಮ ಯಾರು ಅಂತ ಮಕ್ಕಳೊಳಗೇ ಜಗಳ ನಡೆದಿದೆ. ಹವಾಮಾನದ ನಿಜವಾದ ಚರ್ಚೆ ಇದೇ ಅಂತ ನನಗನ್ನಿಸುತ್ತದೆ. ಜಗಳ ಬೇಗ ಮುಗಿಯದಿರಲಿ.

ನಮಗಿರುವ ದೊಡ್ಡ ಕೊರತೆ ಊರಿನ ದೃಶ್ಯಗಳದ್ದು. ಇಂಟರ್‌ನೆಟ್ಟಿನಲ್ಲಿ ಹಿಮಕರಡಿಗಳು ರಾಶಿ ರಾಶಿ ಸಿಗುತ್ತವೆ. ಅಘನಾಶಿನಿ ನದಿ ಕಡಲು ಸೇರುವ ಕಡೆಯ ತಗ್ಗು ಗದ್ದೆಗಳಲ್ಲಿ, ಅಂದರೆ ಗಜನಿಯಲ್ಲಿ, ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ ಭತ್ತವನ್ನು ಹುಡುಕಿ ನೋಡಿ, ಎಷ್ಟು ಸಿಗುತ್ತದೆ ಅಂತ. 2019ರ, 2021ರ ಗಂಗಾವಳಿ ನೆರೆಯ ವಿಡಿಯೊ, ಕೊಳೆ ರೋಗ ಬಂದ ಅಡಿಕೆ ತೋಟದ ವಿಡಿಯೊ ನಿಮ್ಮ ಹಳೆ ಫೋನಿನಲ್ಲಿ ಇರಬಹುದು. ಇದ್ದರೆ ಅಳಿಸಬೇಡಿ. ತಾರೀಖು, ಊರು, ತೆಗೆದವರ ಹೆಸರು ಒಂದು ಚೀಟಿಯಲ್ಲಿ ಬರೆದು, ಹತ್ತಿರದ ಶಾಲೆಗೆ ಕೊಡಿ. ವಾಟ್ಸಾಪಿನಲ್ಲಿ ಕಳಿಸಿದರೆ ಚಿತ್ರ ಮಸುಕಾಗುತ್ತದೆ, ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರೆ ಒಳ್ಳೆಯದು. ಹಾಡು ಸೇರಿಸಿದ ಸ್ಟೇಟಸ್ ಬೇಡ, ಮಳೆಯ ಸದ್ದಿರುವ ಮೂಲ ವಿಡಿಯೊನೇ ಬೇಕು.

ನಮಸ್ಕಾರ.