ಹಂಡ್ರೆಡ್ ಮಾಡಿಸುವ ಮುಂಚೆ ಕಣ್ಣು ಎಲ್ಲಿರಬೇಕು?

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇವತ್ತಿನ ವ್ಲಾಗ್ ಪಿಲಾಟೀಸ್ ಕಲಿಸುವವರಿಗೆ, ಅಂದರೆ ಉಸಿರು ಮತ್ತು ಹೊಟ್ಟೆ, ಬೆನ್ನಿನ ಹಿಡಿತಕ್ಕೆ ಒತ್ತು ಕೊಡುವ ಆ ವ್ಯಾಯಾಮ ಪದ್ಧತಿಯನ್ನು ಕಲಿಸುವವರಿಗೆ. ಕೋರ್ಸ್ ಮುಗಿಸಿ ಈಗಷ್ಟೇ ಕ್ಲಾಸ್ ಶುರು ಮಾಡಿದವರಿಗೆ ಸ್ವಲ್ಪ ಜಾಸ್ತಿ. ಕಲಿಯುವವರೂ ನೋಡಿ, ತೊಂದರೆ ಇಲ್ಲ. ನಿಮ್ಮ ಟೀಚರ್ ನಿಮ್ಮನ್ನು ಏನೇನು ಕೇಳಬೇಕು ಅಂತ ಗೊತ್ತಾಗುತ್ತದೆ.

ತಗೊಂಡಿರುವುದು ಒಂದೇ ವ್ಯಾಯಾಮ. ಹಂಡ್ರೆಡ್. ಸ್ಕ್ರೀನ್ ಮೇಲೆ ಮ್ಯಾಟ್‌ನಲ್ಲಿ ಮಲಗಿರುವವರು ನನ್ನ ಬೆಂಗಳೂರಿನ ಕ್ಲಾಸಿಗೆ ಬರುವವರು. ಅವರ ಒಪ್ಪಿಗೆ ಪಡೆದೇ ಶೂಟ್ ಮಾಡಿದ್ದು, ಮುಖ ತೋರಿಸುವುದಿಲ್ಲ. ನೋಡಿ, ಅಂಗಾತ ಮಲಗಿದ್ದಾರೆ. ಎರಡೂ ಕಾಲು ಗಾಳಿಯಲ್ಲಿ. ತಲೆ, ಭುಜ ಮೇಲಕ್ಕೆ. ಕೈಗಳು ದೇಹದ ಪಕ್ಕದಲ್ಲಿ ನೇರವಾಗಿ, ಸಣ್ಣಗೆ ಮೇಲೆ ಕೆಳಗೆ ಬಡಿಯುತ್ತಿವೆ. ಐದು ಬಡಿತಕ್ಕೆ ಉಸಿರು ಒಳಗೆ, ಐದು ಬಡಿತಕ್ಕೆ ಹೊರಗೆ. ಹೀಗೆ ಹತ್ತು ಸುತ್ತು ಆದರೆ ನೂರು.

ಈ ಪದ್ಧತಿ ಕಟ್ಟಿದ ಜೋಸೆಫ್ ಪಿಲಾಟೀಸ್ 1945ರಲ್ಲಿ ತಂದ ಪುಸ್ತಕದಲ್ಲಿ 34 ವ್ಯಾಯಾಮಗಳಿವೆ. ಅದರಲ್ಲಿ ಮೊದಲನೆಯದೇ ಇದು. ಹಾಗಾಗಿ ಮ್ಯಾಟ್ ಕ್ಲಾಸ್ ಅಂದರೆ ಮೊದಲು ಹಂಡ್ರೆಡ್ ಅನ್ನುವುದು ರೂಢಿಯಾಗಿಬಿಟ್ಟಿದೆ. ನನ್ನ ತಕರಾರು ಇರುವುದೇ ಅಲ್ಲಿ. ಪಟ್ಟಿಯಲ್ಲಿ ಮೊದಲು ಇದೆ ಅಂದ ಮಾತ್ರಕ್ಕೆ ಅದು ಸುಲಭದ್ದು ಅಂತಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದವರಿಗೆ ಬಂದ ತಕ್ಷಣ ಎರಡು ಕಾಲು, ತಲೆ ಎಲ್ಲ ಒಟ್ಟಿಗೆ ಎತ್ತಿ ಅಂದರೆ ಹೇಗೆ?

ಇದನ್ನು ಕಟ್ಟಿದ ಮನುಷ್ಯ ಯಾರು, ಯಾರಿಗೆ ಕಲಿಸಿದರು ಅಂತ ನೋಡಿದರೆ ಸ್ವಲ್ಪ ಅರ್ಥ ಆಗುತ್ತದೆ. ಜೋಸೆಫ್ ಪಿಲಾಟೀಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯಲ್ಲಿ. ಚಿಕ್ಕಂದಿನಲ್ಲಿ ಆಸ್ತಮಾ, ಮೂಳೆ ಮೆತ್ತಗಾಗುವ ರಿಕೆಟ್ಸ್. ಸೊರಗಿದ ಹುಡುಗ ಹಟಕ್ಕೆ ಬಿದ್ದು ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್ ಕಲಿತ. ಮೊದಲನೇ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದರು. ಜರ್ಮನ್ ಪ್ರಜೆ ಅಂತ ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಇಟ್ಟರು. 1926ರಲ್ಲಿ ನ್ಯೂಯಾರ್ಕ್ ಸೇರಿ, ಬಾಳಸಂಗಾತಿ ಕ್ಲಾರಾ ಜೊತೆ ಎಂಟನೇ ಅವೆನ್ಯೂದಲ್ಲಿ ಸ್ಟುಡಿಯೋ ನಡೆಸಿದರು. ಅಲ್ಲಿಗೆ ಬಂದವರಲ್ಲಿ ಡ್ಯಾನ್ಸರ್‌ಗಳು ಬಹಳ. ದಿನಾ ಗಂಟೆಗಟ್ಟಲೆ ಮೈ ಬಗ್ಗಿಸುವವರು. ಅವರಿಗೆ ಹಂಡ್ರೆಡ್ ವಾರ್ಮಪ್ ಆಗಿದ್ದರೆ ಆಶ್ಚರ್ಯ ಏನಿಲ್ಲ ಅಲ್ವಾ?

ಆದರೂ ಆ ಪುಸ್ತಕದಲ್ಲೇ ಅವರು ಹೇಳಿರುವುದು ಕೇಳಿ. ಮೊದಲು 20 ಬಡಿತದಿಂದ ಶುರು ಮಾಡಿ, ಆಮೇಲೆ ಐದೈದೇ ಹೆಚ್ಚಿಸಿ, ನೂರು ದಾಟಬೇಡಿ ಅಂತ. ಈ ಸಾಲನ್ನು ಯಾರೂ ರೀಲ್ ಮಾಡುವುದಿಲ್ಲ. ಬಂದ ದಿನವೇ ನೂರು ಹೊಡೆಸುವುದು ನಮ್ಮ ಕಾಲದ ಆತುರ.

ಕಾನ್ಸಂಟ್ರೇಶನ್, ಕಂಟ್ರೋಲ್, ಸೆಂಟರ್, ಪ್ರಿಸಿಷನ್, ಬ್ರೀದ್, ಫ್ಲೋ. ಪಿಲಾಟೀಸ್‌ನ ಈ ಆರು ತತ್ವಗಳನ್ನು ಕೋರ್ಸ್ ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಇದನ್ನು ಪಟ್ಟಿ ಮಾಡಿಕೊಟ್ಟಿದ್ದು ಜೋಸೆಫ್ ಅಲ್ಲ. ಅವರು ತೀರಿಕೊಂಡಿದ್ದು 1967ರಲ್ಲಿ. ಪಟ್ಟಿ ಬಂದಿದ್ದು 1980ರಲ್ಲಿ, ಫಿಲಿಪ್ ಫ್ರೀಡ್‌ಮನ್ ಮತ್ತು ಗೇಲ್ ಐಸೆನ್ ಅವರ ಪುಸ್ತಕದಲ್ಲಿ. ಒಳ್ಳೆಯ ಪಟ್ಟಿಯೇ, ಅದರ ಬಗ್ಗೆ ಮಾತಿಲ್ಲ. ಆದರೆ ಮ್ಯಾಟ್ ಮೇಲೆ ಮಲಗಿದವರ ಮುಂದೆ ನಿಂತಾಗ ನಾನು ಮೊದಲು ನೋಡುವುದು ಉಸಿರನ್ನು. ಅದು ಕೆಟ್ಟರೆ ಉಳಿದ ಐದೂ ಕೆಡುತ್ತವೆ.

ಈಗ ಕ್ಯಾಮೆರಾ ಹತ್ತಿರ ಹೋಗಿದೆ, ಪಕ್ಕೆಲುಬು ನೋಡಿ. ಉಸಿರು ತಗೊಂಡಾಗ ಪಕ್ಕೆಲುಬು ಎರಡೂ ಬದಿಗೆ ಅಗಲವಾಗಬೇಕು, ಬೆನ್ನ ಕಡೆಗೂ ಸ್ವಲ್ಪ ಹರಡಬೇಕು. ಹೊಟ್ಟೆ ಮಾತ್ರ ಎದ್ದು ಎದ್ದು ಬೀಳುತ್ತಿದ್ದರೆ, ಹೊಟ್ಟೆಯ ಸ್ನಾಯು ಪ್ರತಿ ಸಲ ಹಿಡಿತ ಬಿಡುತ್ತಿದೆ ಅಂತ. ಇನ್ನು ಕೆಲವರು ಉಸಿರನ್ನೇ ಬಿಗಿ ಹಿಡಿಯುತ್ತಾರೆ. ಮುಖ ಕೆಂಪಾಗುತ್ತದೆ, ಕತ್ತಿನ ನರ ಉಬ್ಬುತ್ತದೆ. ಕೇಳಿದರೆ "ಇಲ್ಲ ಮೇಡಂ, ಉಸಿರಾಡ್ತಾನೇ ಇದ್ದೀನಿ" ಅನ್ನುತ್ತಾರೆ. ಅದಕ್ಕೆ ನಾನು ವಾದ ಮಾಡುವುದಿಲ್ಲ. ಉಸಿರು ಬಿಡುವಾಗ ಜೋರಾಗಿ ಎಣಿಸಿ ಅನ್ನುತ್ತೇನೆ. ದನಿ ಹೊರಡುತ್ತಿದ್ದರೆ ಉಸಿರೂ ಹೋಗುತ್ತಿದೆ. ಬಿಪಿ ಇರುವವರಿಗೆ ಇದು ಬರೀ ಶೈಲಿಯ ವಿಷಯ ಅಲ್ಲ. ಉಸಿರು ಕಟ್ಟಿ ತ್ರಾಸು ಪಟ್ಟರೆ ರಕ್ತದೊತ್ತಡ ಆ ಕ್ಷಣಕ್ಕೆ ಸರ್ರನೆ ಏರುತ್ತದೆ.

ಸರಿ, ಒಳಗೆ ಏನಿದೆ? ಹೊಟ್ಟೆಯ ಭಾಗವನ್ನು ಒಂದು ಡಬ್ಬಿ ಅಂದುಕೊಳ್ಳಿ. ಮುಚ್ಚಳ ಡಯಾಫ್ರಮ್, ಉಸಿರಾಟದ ಮುಖ್ಯ ಸ್ನಾಯು. ತಳ ಪೆಲ್ವಿಕ್ ಫ್ಲೋರ್, ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಸುತ್ತಲಿನ ಗೋಡೆ ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್, ಹೊಟ್ಟೆಯ ಸ್ನಾಯುಗಳಲ್ಲಿ ಎಲ್ಲಕ್ಕಿಂತ ಒಳಗಿನದು, ಎಳೆಗಳು ಅಡ್ಡಡ್ಡ ಹೋಗುತ್ತವೆ. ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡಂತೆ ಮಲ್ಟಿಫಿಡಸ್. ಸಿಕ್ಸ್ ಪ್ಯಾಕ್ ಅಂತ ಎಲ್ಲರೂ ಹಂಬಲಿಸುವ ರೆಕ್ಟಸ್ ಅಬ್ಡೊಮಿನಿಸ್ ಈ ಡಬ್ಬಿಯ ಮುಂಭಾಗದಲ್ಲಿ ಉದ್ದಕ್ಕೆ ಹೋಗುತ್ತದೆ. ಮುಂಡ ಬಗ್ಗಿಸುವುದು ಅದರ ಮುಖ್ಯ ಕೆಲಸ.

1996ರಲ್ಲಿ ಹಾಡ್ಜಸ್ ಮತ್ತು ರಿಚರ್ಡ್‌ಸನ್ ಅನ್ನುವ ಸಂಶೋಧಕರು ಒಂದು ವಿಷಯ ತೋರಿಸಿದರು. ನೋವಿಲ್ಲದವರು ಕೈ ಎತ್ತುವ ಮುಂಚೆಯೇ ಟ್ರಾನ್ಸ್‌ವರ್ಸಸ್ ಕೆಲಸ ಶುರು ಮಾಡಿರುತ್ತದೆ. ಸೊಂಟನೋವು ಇದ್ದವರಲ್ಲಿ ಅದು ತಡವಾಗಿ ಏಳುತ್ತದೆ. ಇದಾದ ಮೇಲೆ "ಹೊಕ್ಕುಳು ಬೆನ್ನಿಗೆ ಎಳೆಯಿರಿ" ಅನ್ನುವುದು ಎಲ್ಲಾ ಕ್ಲಾಸಿನಲ್ಲೂ ಮಂತ್ರ ಆಗಿಹೋಯಿತು. ನನಗೆ ಈ ಕ್ಯೂ, ಅಂದರೆ ಸೂಚನೆ, ಅಷ್ಟು ಇಷ್ಟ ಇಲ್ಲ. ಎಳೆಯಿರಿ ಅಂದರೆ ಜನ ಪೂರ್ತಿ ಬಲ ಹಾಕಿ ಎಳೆಯುತ್ತಾರೆ. ಉಸಿರು ನಿಲ್ಲುತ್ತದೆ, ಪೃಷ್ಠ ಬಿಗಿಯಾಗುತ್ತದೆ, ಒತ್ತಡವೆಲ್ಲ ಕೆಳಗೆ ಪೆಲ್ವಿಕ್ ಫ್ಲೋರ್ ಮೇಲೆ ಬೀಳುತ್ತದೆ.

ಬದಲಿಗೆ ಹೀಗೆ ಮಾಡಿಸಿ. ಮಂಡಿ ಮಡಚಿ, ಪಾದ ನೆಲದ ಮೇಲಿಟ್ಟು ಮಲಗಲಿ. ಸೊಂಟದ ಮುಂದೆ ಎರಡು ಮೂಳೆಗಳ ತುದಿ ಕೈಗೆ ಸಿಗುತ್ತವೆ. ಅಲ್ಲಿಂದ ಎರಡು ಬೆರಳು ಒಳಕ್ಕೆ, ಸ್ವಲ್ಪ ಕೆಳಕ್ಕೆ ಅವರೇ ಬೆರಳಿಟ್ಟುಕೊಳ್ಳಲಿ. ಈಗ ಮೆಲ್ಲಗೆ ಕೆಮ್ಮಲಿ. ಬೆರಳಿಗೆ ಹೊರಕ್ಕೆ ಒಂದು ತಳ್ಳು ಗೊತ್ತಾಗುತ್ತದೆ. ಅದು ನಮಗೆ ಬೇಡದ್ದು. ಮತ್ತೆ ಉಸಿರು ಬಿಡುತ್ತಾ, ಆ ಎರಡು ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವ ಯೋಚನೆ ಮಾಡಲಿ. ಈ ಸಲ ಬೆರಳ ಕೆಳಗೆ ತಳ್ಳು ಇರುವುದಿಲ್ಲ, ಸಣ್ಣಗೆ ಬಿಗಿ ಮಾತ್ರ ಬರುತ್ತದೆ. ಅಷ್ಟು ಸಾಕು. ನೂರಕ್ಕೆ ನೂರು ಬಲ ಬೇಕಿಲ್ಲ.

ಕಾಲಿನ ವಿಷಯಕ್ಕೆ ಬರೋಣ. ಕಾಲು ಎತ್ತಿ ಹಿಡಿಯುವ ಮುಖ್ಯ ಸ್ನಾಯುಗಳಲ್ಲಿ ಒಂದು ಸೋಆಸ್. ಇದು ಸೊಂಟದ ಕಶೇರುಗಳ ಪಕ್ಕದಿಂದ ಹೊರಟು ತೊಡೆಮೂಳೆಯ ಮೇಲ್ಭಾಗಕ್ಕೆ, ಒಳಬದಿಗೆ ಬಂದು ಸೇರುತ್ತದೆ. ಅಂದರೆ ಕಾಲಿನ ಭಾರ ನೇರ ಬೆನ್ನುಮೂಳೆಯನ್ನೇ ಜಗ್ಗುತ್ತದೆ. ಕಾಲು ಕೆಳಗೆ ಹೋದಷ್ಟೂ ಜಗ್ಗಾಟ ಜಾಸ್ತಿ. ಮೂಲ ಪುಸ್ತಕದಲ್ಲಿ ಕಾಲು ನೆಲದಿಂದ ಸುಮಾರು 2 ಇಂಚು ಮೇಲೆ! ಹೊಟ್ಟೆಯ ಹಿಡಿತ ಸಾಲದೇ ಹೋದರೆ ಸೊಂಟ ಮ್ಯಾಟ್‌ನಿಂದ ಎದ್ದು ಕಮಾನಾಗುತ್ತದೆ. ಪಕ್ಕದಲ್ಲಿ ಕೂತು ನೋಡಿ, ಸೊಂಟದ ಕೆಳಗಿನ ಸಂದು ದೊಡ್ಡದಾಗುವುದು ಚೆನ್ನಾಗಿ ಕಾಣುತ್ತದೆ. ಆಗ ಕಾಲು ಮೇಲೆತ್ತಿಸಿ. ಸಾಲದಿದ್ದರೆ ಮಂಡಿ ಮಡಚಿ ಟೇಬಲ್-ಟಾಪ್, ಅಂದರೆ ತೊಡೆ ನೇರ ಮೇಲಕ್ಕೆ, ಮಂಡಿಯಿಂದ ಕೆಳಗಿನ ಕಾಲು ನೆಲಕ್ಕೆ ಸಮಾನಾಂತರ. ಅದೂ ಆಗದಿದ್ದರೆ ಪಾದ ನೆಲದ ಮೇಲೆ. ಕಾಲು ಎಷ್ಟು ಕೆಳಗೆ ಹೋಯಿತು ಅನ್ನುವುದು ಇನ್‌ಸ್ಟಾಗ್ರಾಮ್‌ಗೆ ಬಿಡಿ.

ಕತ್ತು ನೋಯುತ್ತಿದೆ ಅಂದರೆ ತಲೆ ಕೆಳಗಿಡಿಸಿ, ಅಷ್ಟೆ. ತಲೆ ಅಂದರೆ ನಾಲ್ಕೈದು ಕೆಜಿ ಭಾರ, ಸುಮ್ನೆ ಅಲ್ಲ. ತಲೆ ಕೆಳಗಿದ್ದರೂ ಕೈ ಬಡಿಯಬಹುದು, ಉಸಿರು ಎಣಿಸಬಹುದು. ಹಂಡ್ರೆಡ್‌ನ ಮುಕ್ಕಾಲು ಪಾಲು ಅಲ್ಲೇ ಇದೆ.

ಈಗ ಬಹಳ ಮುಖ್ಯವಾದದ್ದು. ಯಾರಿಗೆ ಇದನ್ನು ಮಾಡಿಸಲೇಬಾರದು?

ನನ್ನ ಕ್ಲಾಸಿಗೆ ಮಗಳ ಜೊತೆ ಬರುವ ಅಮ್ಮಂದಿರು ಬಹಳ. ಫಾರ್ಮ್ ಕೊಟ್ಟರೆ ಎಲ್ಲದಕ್ಕೂ "ಇಲ್ಲ" ಅಂತ ಬರೆದು ಕೊಡುತ್ತಾರೆ. "ಆಂಟಿ, ಏನಾದ್ರೂ ತೊಂದರೆ ಇದೆಯಾ?" ಅಂದರೆ "ಏನೂ ಇಲ್ಲಮ್ಮ, ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಬಿಟ್ರೆ ಆರಾಮಾಗಿದ್ದೀನಿ." ಅದಕ್ಕೇ ಫಾರ್ಮ್ ನಂಬಿ ಕೂರಬೇಡಿ, ಬಾಯಿಬಿಟ್ಟು ಕೇಳಿ. ಮುಟ್ಟು ನಿಂತು ಎಷ್ಟು ವರ್ಷ ಆಯಿತು? ಎತ್ತರ ಕಡಿಮೆಯಾದ ಹಾಗೆ ಅನ್ನಿಸಿದೆಯಾ? ಸಣ್ಣದಾಗಿ ಬಿದ್ದದ್ದಕ್ಕೇ ಮಣಿಕಟ್ಟು ಮುರಿದಿತ್ತಾ? ಸ್ಟಿರಾಯ್ಡ್ ಮಾತ್ರೆ ಬಹಳ ಕಾಲ ತಗೊಂಡಿದ್ದೀರಾ? ಒಂದಕ್ಕೆ ಹೌದು ಅಂದರೂ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಲು ಹೇಳುತ್ತೇನೆ.

ಯಾಕೆ ಇಷ್ಟು ಅಂದರೆ, ಮೂಳೆ ಸವೆದು ಟೊಳ್ಳಾದಾಗ, ಅಂದರೆ ಓಸ್ಟಿಯೋಪೊರೋಸಿಸ್ ಆದಾಗ, ಬೆನ್ನು ಮುಂದಕ್ಕೆ ಬಗ್ಗಿಸಿ ಭಾರ ಹಾಕಿದರೆ ಕಶೇರುವಿನ ಮುಂಭಾಗ ಕುಸಿಯಬಹುದು. ಅಮೆರಿಕದ ಮೇಯೋ ಕ್ಲಿನಿಕ್‌ನಿಂದ 1984ರಲ್ಲಿ ಬಂದ ಅಧ್ಯಯನ ಈ ವಿಷಯದಲ್ಲಿ ಇವತ್ತಿಗೂ ಉಲ್ಲೇಖ ಆಗುತ್ತದೆ. ಓಸ್ಟಿಯೋಪೊರೋಸಿಸ್ ಇದ್ದ 59 ಮಹಿಳೆಯರು. ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ 16 ಶೇಕಡಾ ಮಂದಿಗೆ ಹೊಸ ಮುರಿತ ಕಂಡಿತು. ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ 89 ಶೇಕಡಾ. ಸಣ್ಣ ಅಧ್ಯಯನ, ನಿಜ. ಆದರೆ ಆ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿದ ಮೇಲೂ ತಲೆ ಎತ್ತಿಸುವ ಧೈರ್ಯ ನನಗಂತೂ ಇಲ್ಲ.

ಹಾಗಾಗಿ ಮೂಳೆ ಸವೆದವರಿಗೆ ತಲೆ ಎತ್ತುವ ಹಂಡ್ರೆಡ್, ಮಲಗಿದಲ್ಲಿಂದ ಬೆನ್ನು ಸುರುಳಿ ಮಾಡುತ್ತಾ ಏಳುವ ರೋಲ್-ಅಪ್, ಚೆಂಡಿನ ಹಾಗೆ ಮುದುಡಿ ಬೆನ್ನ ಮೇಲೆ ಉರುಳುವ ರೋಲಿಂಗ್ ಲೈಕ್ ಎ ಬಾಲ್ ಮೂರೂ ಬೇಡ. ಬೆನ್ನು ಬಗ್ಗಿಸಿ ತಿರುಚುವುದಂತೂ ಬೇಡವೇ ಬೇಡ. ಹಾಗಂತ ಮನೆಗೆ ಕಳಿಸಬೇಕಿಲ್ಲ. ಬೋರಲು ಮಲಗಿ ಎದೆ ಸ್ವಲ್ಪ ಎತ್ತುವುದು, ಪಕ್ಕಕ್ಕೆ ಮಲಗಿ ಕಾಲಿನ ಸರಣಿ, ಮಂಡಿ ಮತ್ತು ಅಂಗೈ ಊರಿ ಎದುರುಬದುರಿನ ಕೈಕಾಲು ಚಾಚುವುದು, ನಿಂತು ಬ್ಯಾಲೆನ್ಸ್. ಒಂದು ಗಂಟೆಗೆ ಧಾರಾಳ ಆಗುತ್ತದೆ.

ಎರಡನೆಯದು ಹೆರಿಗೆ ಆದವರು. ನಮ್ಮಲ್ಲಿ ಬಾಣಂತನದಲ್ಲಿ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟುತ್ತಾರೆ. "ಅಜ್ಜಿ ಕಟ್ಟಿದ್ದರು, ಹೊಟ್ಟೆ ಸರಿಹೋಗಿದೆ" ಅಂತ ಬರುತ್ತಾರೆ. ಬಟ್ಟೆ ಆಸರೆ ಕೊಡುತ್ತದೆ, ಹಿತವಾಗಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಸ್ನಾಯುವಿನ ಕೆಲಸವನ್ನು ಅದು ಕಲಿಸುವುದಿಲ್ಲ. ಬಸುರಿನಲ್ಲಿ ರೆಕ್ಟಸ್‌ನ ಎರಡು ಪಟ್ಟಿಗಳನ್ನು ನಡುವೆ ಜೋಡಿಸುವ ಗಟ್ಟಿ ಪೊರೆ, ಲೀನಿಯಾ ಆಲ್ಬಾ, ಅಗಲವಾಗಿರುತ್ತದೆ. ಮಂಡಿ ಮಡಚಿ ಮಲಗಿಸಿ, ತಲೆ ಒಂದಿಂಚು ಎತ್ತಲು ಹೇಳಿ. ಹೊಕ್ಕುಳಿನ ಮೇಲೆ ಕೆಳಗೆ ಉದ್ದಕ್ಕೆ ಏಣು ಎದ್ದ ಹಾಗೆ ಉಬ್ಬಿದರೆ ಅಲ್ಲಿಗೇ ನಿಲ್ಲಿಸಿ. ಆ ಉಬ್ಬು ಇರುವಾಗ ಹಂಡ್ರೆಡ್ ಬೇಡ. ಉಸಿರು, ಪೆಲ್ವಿಕ್ ಫ್ಲೋರ್, ಹಿಮ್ಮಡಿ ಜಾರಿಸುವುದು, ಅಲ್ಲಿಂದ ಶುರು. ಸಿಸೇರಿಯನ್ ಆಗಿದ್ದರೆ ಡಾಕ್ಟರ್ ಒಪ್ಪಿಗೆ ಬರುವವರೆಗೆ ಕಾಯಿರಿ. ಇನ್ನೂ ಬಸುರಿಯಾಗಿದ್ದು ತಿಂಗಳು ತುಂಬುತ್ತಾ ಬಂದಿದ್ದರೆ ಬಹಳ ಹೊತ್ತು ಅಂಗಾತ ಮಲಗಿಸಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ಬರಬಹುದು.

ಡಿಸ್ಕ್ ತೊಂದರೆ ಇದ್ದವರಿಗೆ ಬಗ್ಗುವುದರಿಂದ ಕಾಲಿಗೆ ನೋವು ಇಳಿಯುತ್ತಿದ್ದರೆ ಆ ಚಲನೆ ನಿಲ್ಲಿಸಿ, ಫಿಸಿಯೋ ಹತ್ತಿರ ಕಳಿಸಿ. ತೊಡೆಸಂದಿನ ಭಾಗ ಜೋಮು ಹಿಡಿದಿದೆ, ಮೂತ್ರ ಹಿಡಿತದಲ್ಲಿಲ್ಲ ಅಂದರೆ ಫಿಸಿಯೋ ಕೂಡ ಅಲ್ಲ, ತಕ್ಷಣ ಆಸ್ಪತ್ರೆ. ನಾಳೆ ನೋಡೋಣ ಅನ್ನಬೇಡಿ. ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗಾಗುವ ವ್ಯಾಯಾಮ ಬೇಡ, ಕಣ್ಣಿನ ಒತ್ತಡ ಏರುತ್ತದೆ.

ರಿಫಾರ್ಮರ್, ಅಂದರೆ ಸ್ಪ್ರಿಂಗ್ ಎಳೆತಕ್ಕೆ ಜಾರುವ ಹಲಗೆ (ಕ್ಯಾರೇಜ್) ಇರುವ ಪಿಲಾಟೀಸ್ ಯಂತ್ರದ ಮೇಲೆ ಹಂಡ್ರೆಡ್ ಮಾಡಿಸುವವರಿಗೆ ಎರಡು ಮಾತು. ಸ್ಪ್ರಿಂಗ್ ಬಣ್ಣ ಒಂದೊಂದು ಕಂಪನಿಗೆ ಒಂದೊಂದು ಥರ. ಒಂದು ಸ್ಟುಡಿಯೋದ ಅಭ್ಯಾಸ ಇನ್ನೊಂದಕ್ಕೆ ಹೊತ್ತುಕೊಂಡು ಹೋಗಬೇಡಿ. ಸ್ಪ್ರಿಂಗ್ ಹಗುರ ಮಾಡಿದರೆ ಸುಲಭ ಅಂತಲೂ ಇಲ್ಲ. ಪ್ಲ್ಯಾಂಕ್‌ನಂಥದ್ದರಲ್ಲಿ ಹಗುರ ಸ್ಪ್ರಿಂಗ್ ಇದ್ದರೆ ಕ್ಯಾರೇಜ್ ಓಡಿಹೋಗುತ್ತದೆ, ಹಿಡಿದು ನಿಲ್ಲಿಸುವುದೇ ಕಷ್ಟ. ಮತ್ತೆ, ಹೊಸಬರು ಹತ್ತುವಾಗ ಇಳಿಯುವಾಗ ಒಂದು ಕೈ ಕ್ಯಾರೇಜ್ ಮೇಲೆ ನಿಮ್ಮದಿರಲಿ. ವ್ಯಾಯಾಮ ಮುಗಿಯಿತು ಅಂತ ಮೈಮರೆಯುವುದು ಆಗಲೇ.

ಮುಟ್ಟಿ ತಿದ್ದುವ ಮುಂಚೆ ಪ್ರತಿ ಸಲ ಕೇಳಿ. "ಪಕ್ಕೆಲುಬಿನ ಮೇಲೆ ಕೈ ಇಡಲಾ?" ಅಷ್ಟೇ ಸಾಕು. ನಿನ್ನೆ ಒಪ್ಪಿದ್ದರು ಅಂತ ಇವತ್ತು ಸುಮ್ಮನೆ ಕೈ ಹಾಕುವುದಲ್ಲ. ಪೆಲ್ವಿಕ್ ಫ್ಲೋರ್ ವಿಷಯ ಬಂದರೆ ಬರೀ ಮಾತಿನಲ್ಲೇ ಹೇಳಿಕೊಡಿ.

ಮುಂದಿನ ವಿಡಿಯೋ ರೋಲ್-ಅಪ್ ಬಗ್ಗೆ. ಜೊತೆಗೆ ಮಾಡುವವರು ಒಂದು ಟವೆಲ್ ಸುರುಳಿ ಸುತ್ತಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಮೂಳೆ ಸವೆತ ಇರುವವರು ಆ ವಿಡಿಯೋ ನೋಡಿದರೆ ಸಾಕು, ಮಾಡಬೇಡಿ.